ನಿಂತು ಎತ್ತಿಕೊಳ್ಳುವುದು

ನನಗೆ ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಛತ್ರದ ಹಿಂದಿನ ರಸ್ತೆಯಲ್ಲಿ ಜಲ್ಲಿ ತುಂಬಿದ ಲಾರಿಯೊಂದು ಹೋಯಿತು. ನೆಲ ಸಣ್ಣಗೆ ಅದುರಿತು, ಅಷ್ಟೆ. ನಮ್ಮ ಕಡೆಯವರು ಯಾರೂ ತಲೆ ಎತ್ತಿಯೂ ನೋಡಲಿಲ್ಲ. ಗಂಡಿನ ಕಡೆಯವರು ಮಾತ್ರ ಅಷ್ಟೂ ಜನ ಬಿದ್ದರು. ಬಿದ್ದರು ಅಂದರೆ ಎಡವಿ ದಡಬಡ ಬಿದ್ದದ್ದಲ್ಲ. ಗಲ್ಲ ಎದೆಗೊತ್ತಿ, ಬೆನ್ನು ಬಾಗಿಸಿ, ಒಂದು ಭುಜದ ಮೇಲೆ ಹೊರಳಿ ಅಚ್ಚುಕಟ್ಟಾಗಿ ಮಲಗಿಬಿಟ್ಟರು. ನನ್ನ ಅತ್ತೆಯ ಕೈಯಲ್ಲಿ ಆರತಿ ತಟ್ಟೆ ಇತ್ತು. ಅವರು ನೆಲದ ಮೇಲಿದ್ದರೂ ತಟ್ಟೆ ಮಟ್ಟವಾಗಿ ಮೇಲೇ ಇತ್ತು, ದೀಪ ಕೂಡ ಆರಿರಲಿಲ್ಲ. ಪಕ್ಕದಲ್ಲಿ ನೋಡಿದರೆ ಮದುಮಗ ಮಾಯ. ಪೇಟದ ಸಮೇತ ನನ್ನ ಕಾಲ ಬುಡದಲ್ಲಿ ಮಲಗಿದ್ದಾರೆ. "ಅಯ್ಯಯ್ಯೋ, ಮೂರ್ಛೆ ರೋಗದ ಮನೆತನ ಕಣೇ ಇದು" ಅಂತ ನನ್ನ ಸೋದರತ್ತೆ ಕಿವಿಯಲ್ಲಿ ಅಂದರು. ಅಷ್ಟರಲ್ಲಿ ಅವರೆಲ್ಲ ಎದ್ದು ಬಟ್ಟೆ ಕೊಡವಿಕೊಂಡು ನಗುತ್ತಿದ್ದರು. "ಲಾರಿನಾ? ನಾವು ಊರು ಅಂದ್ಕೊಂಡ್ವಿ" ಅಂದರು ಅತ್ತೆ.

ಆ ಊರಿಗೇ ನಾನು ಸೊಸೆಯಾಗಿ ಬಂದೆ. ಆ ಊರು ಮಗ್ಗುಲಾಗುತ್ತದೆ. ಒಂದು ದಿನ ಎರಡು ಮೂರು ಸಲ ಆಗಬಹುದು, ಇನ್ನೊಮ್ಮೆ ವಾರಗಟ್ಟಲೆ ಇಲ್ಲ. ನಿದ್ದೆಯಲ್ಲಿರುವವರು ಹೊರಳುವ ಹಾಗೆ ನೆಲ ಒಂದು ಕಡೆಗೆ ಎಳೆದುಕೊಂಡು ಹೋಗಿ ಮತ್ತೆ ಸುಮ್ಮನಾಗುತ್ತದೆ. ನಿಂತವರು ಬೀಳುತ್ತಾರೆ, ಬಿದ್ದವರು ಎದ್ದು ಕೆಲಸ ನೋಡಿಕೊಳ್ಳುತ್ತಾರೆ. ಅಲ್ಲಿ ಮನೆಗಳಿಗೆ ಚೂಪು ಮೂಲೆಗಳಿಲ್ಲ, ಬಾಗಿಲ ಚೌಕಟ್ಟಿಗೆ ಹಳೇ ಕೌದಿ ಸುತ್ತಿರುತ್ತಾರೆ, ಒಲೆ ನೆಲದ ಒಳಗಿರುತ್ತದೆ. ಕ್ಷೌರದವನು ಗಿರಾಕಿಯನ್ನು ಮಲಗಿಸಿಯೇ ಗಡ್ಡ ಹೆರೆಯುತ್ತಾನೆ, ತಾನೂ ಪಕ್ಕದಲ್ಲಿ ಮಲಗಿ. ಹೋಟೆಲಿನಲ್ಲಿ ಕಾಫಿ ಅರ್ಧ ಲೋಟಕ್ಕಿಂತ ಹೆಚ್ಚು ಕೊಡುವುದಿಲ್ಲ, ಕೇಳಿದರೆ "ಎಲ್ಲಿಂದ ಬಂದ್ರಿ ಅಮ್ಮಾ?" ಅನ್ನುತ್ತಾರೆ. ಬೀದಿಯುದ್ದಕ್ಕೂ ಗೋಡೆಗೆ ಹಗ್ಗ ಬಿಗಿದಿರುತ್ತಾರೆ, ನನ್ನಂಥವರಿಗೆ ಅಂತ. ನನ್ನಂಥವರನ್ನು ಅಲ್ಲಿ ಕಲ್ಲುಗಾಲಿನವರು ಅನ್ನುತ್ತಾರೆ. ಬೈಗುಳವೇನಲ್ಲ, ಕುಂಟರನ್ನು ಕುಂಟರು ಅಂದ ಹಾಗೆ.

ಅಲ್ಲಿನ ಮಕ್ಕಳನ್ನು ನಾಲ್ಕು ವರ್ಷಕ್ಕೇ ಗರಡಿಮನೆಗೆ ಹಾಕುತ್ತಾರೆ. ಕುಸ್ತಿ ಕಲಿಯುವುದು ಆಮೇಲೆ, ಮೊದಲು ಬೀಳುವುದು. ನಾನು ಮದುವೆಯಾದ ಹೊಸದರಲ್ಲೇ ಅತ್ತೆ "ಹೋಗಿ ಕಲ್ತ್ಕೊಂಬಿಡು ಮಂಗಳಾ, ಆಮೇಲೆ ಕಷ್ಟ" ಅಂದಿದ್ದರು. ನನಗೆ ಬೀಳುವುದೆಂದರೆ ಹುಟ್ಟಿದಾಗಿನಿಂದ ಜೀವ ಬಾಯಿಗೆ ಬರುತ್ತದೆ. ಏಣಿ ಹತ್ತಿದವಳಲ್ಲ, ಸೈಕಲ್ ಮುಟ್ಟಿದವಳಲ್ಲ. ಹಗ್ಗ ಹಿಡಿದುಕೊಂಡೇ ಎರಡು ವರ್ಷ ತಳ್ಳಿದೆ. ಊರು ಮಗ್ಗುಲಾದಾಗಲೆಲ್ಲ ಎರಡು ಕೈಯಲ್ಲೂ ಹಗ್ಗಕ್ಕೆ ಜೋತುಬಿದ್ದು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಲೀಲಿ ಹುಟ್ಟಿದಳು, ನನ್ನ ಮಗಳು. ತವರಿನಲ್ಲಿ ಅಮ್ಮ ಇಲ್ಲದ್ದರಿಂದ ಬಾಣಂತನ ಅತ್ತೆಯ ಮನೆಯಲ್ಲೇ ಆಯಿತು.

ಗರಡಿಯಲ್ಲಿ ಗೆಲ್ಲದವರು ಆ ಊರಿನಲ್ಲಿ ಮಗುವನ್ನು ನಿಂತು ಎತ್ತಿಕೊಳ್ಳುವ ಹಾಗಿಲ್ಲ. ಕೂತು ಎತ್ತಿಕೊಳ್ಳಬಹುದು, ಮಲಗಿ ಹಾಲು ಕೊಡಬಹುದು, ನಿಂತು ಮಾತ್ರ ಕೂಡದು. ಹೆತ್ತ ತಾಯಿಯಾದರೂ ಅಷ್ಟೆ. ದಂಡವಿಲ್ಲ, ಪಂಚಾಯಿತಿ ಇಲ್ಲ. ಒಮ್ಮೆ ಮರೆತು ಎದ್ದು ನಿಂತರೆ ಎದುರು ಮನೆಯವರೂ ಓಡಿ ಬಂದು ಮಗುವನ್ನು ತೆಗೆದುಕೊಂಡು, ತಲೆ ಸವರಿ, ನನ್ನನ್ನು ಕೂರಿಸಿ ಹೋಗುತ್ತಿದ್ದರು. ಯಾರೂ ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು. ಲೀಲಿಗೆ ಒಂಬತ್ತು ತಿಂಗಳಾದರೂ ಅವಳನ್ನು ಎತ್ತಿಕೊಂಡು ಒಂದು ಹೆಜ್ಜೆ ನಡೆದವಳಲ್ಲ ನಾನು.

ಹಾಗಾಗಿ ಅವಳು ನನ್ನ ನಾದಿನಿ ದಾಕ್ಷಾಯಿಣಿಯ ಮಗುವಾದಳು. ಇವರು ಹಾಲಿನ ವ್ಯಾನು ತೆಗೆದುಕೊಂಡು ಬೆಳಗಾಗುವ ಮೊದಲೇ ಹೊರಟರೆ ಬರುವುದು ದೀಪ ಹಚ್ಚಿದ ಮೇಲೆ. ಅತ್ತೆಗೆ ಹಿಂದಿನ ವರ್ಷ ಮಂಡಿ ಹಿಡಿದುಕೊಂಡ ಮೇಲೆ ಅವರೂ ಕೂತೇ ಎತ್ತಿಕೊಳ್ಳಬೇಕಾಯಿತು. ಉಳಿದವಳು ದಾಕ್ಷಿ. ಮಗು ಅತ್ತರೆ ನಾನು ಕೂತಲ್ಲೇ ತೊಡೆ ಅಲ್ಲಾಡಿಸಿ ಏನೇನೋ ಮಾಡುವುದು, ಅದು ಇನ್ನಷ್ಟು ಅರಚುವುದು, ದಾಕ್ಷಿ ಬಂದು ಕೇಳದೆಯೇ ಬಾಚಿಕೊಂಡು ಅಂಗಳದಲ್ಲಿ ಒಂದು ಸುತ್ತು ಹಾಕಿದರೆ ಅಳು ನಿಲ್ಲುವುದು. ದಿನಾ ಇದೇ. ಅವಳ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಒಳ್ಳೆಯ ಹುಡುಗಿ ಅನ್ನುವುದು ಗೊತ್ತಿದ್ದೇ ಹೊಟ್ಟೆಕಿಚ್ಚು.

ಜ್ಯೇಷ್ಠದಲ್ಲಿ ದಾಕ್ಷಿಯ ಮದುವೆಯಾಯಿತು, ಊರಾಚೆಯ ಗಟ್ಟಿ ನೆಲದ ಊರಿಗೆ. ಆಷಾಢ ಬಂತೆಂದು ತಿಂಗಳ ಮಟ್ಟಿಗೆ ತವರಿಗೆ ಬಂದಳು. ಬಂದ ದಿನ ಊಟಕ್ಕೆ ಕೂತಾಗ ಅತ್ತೆ ಮಾತು ತೆಗೆದರು. "ಭೀಮನಮಾವಾಸ್ಯೆಗೆ ಅಳಿಯಂದ್ರು ಬರ್ತಾರೆ. ಮಾರನೇ ದಿನ ಬೆಳಿಗ್ಗೆ ಇವಳನ್ನ ಕರ್ಕೊಂಡ್ಹೋಗ್ತಾರೆ. ಆಮೇಲೆ ಹಗಲು ಹೊತ್ತು ಈ ಕೂಸನ್ನ ಎತ್ತೋರು ಯಾರು? ದಾಕ್ಷಿ ಜೊತೆ ಕಳ್ಸಿಬಿಡೋಣ. ಅಲ್ಲಿ ನೆಲ ಅಲ್ಲಾಡಲ್ಲ. ಒಂದು ವರ್ಷ, ಗಟ್ಟಿಯಾಗಿ ನಡೆಯೋದು ಕಲ್ತ ಮೇಲೆ ಕರ್ಕೊಂಡ್ ಬಂದ್ರಾಯ್ತು." ಇವರು ಅನ್ನ ಕಲಸುತ್ತಾ ತಲೆ ಎತ್ತಲಿಲ್ಲ. ದಾಕ್ಷಿ ಬೇಡ ಅನ್ನಲಿಲ್ಲ. ನಾನೂ ಜೊತೆಗೆ ಹೋಗೋಣವೆಂದರೆ ನಾದಿನಿಯ ಹೊಸ ಅತ್ತೆಮನೆಯಲ್ಲಿ ಹೋಗಿ ಕೂರುವುದುಂಟೆ? ತವರೆಂದರೆ ಅಮ್ಮನಿಲ್ಲದ ಅಣ್ಣನ ಮನೆ, ಅಲ್ಲಿ ವರ್ಷಗಟ್ಟಲೆ ಕೂರುವ ಮಾತು ಎತ್ತುವ ಹಾಗೇ ಇರಲಿಲ್ಲ. ಮರುದಿನ ಬೆಳಿಗ್ಗೆ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ಹಗ್ಗ ಹಿಡಿದುಕೊಂಡು ಗರಡಿಮನೆಗೆ ಹೋದೆ. ನನಗಾಗ ಮೂವತ್ತೆರಡು ವರ್ಷ.

ಗರಡಿಯನ್ನು ನಡೆಸುವವರು ಉಸ್ತಾದಮ್ಮ. ತಿಪ್ಪಮ್ಮ ಅಂತ ಹೆಸರು, ಆದರೆ ಹಾಗೆ ಕರೆದವರನ್ನು ನಾನು ನೋಡಿಲ್ಲ. ಐವತ್ತು ದಾಟಿದ, ಗಿಡ್ಡನೆಯ, ಬಾಯಲ್ಲಿ ಸದಾ ಎಲೆಯಡಿಕೆ ಇರುವ ಹೆಂಗಸು. ಗರಡಿಯ ಕೆಮ್ಮಣ್ಣಿನ ಗುಂಡಿಗೆ ಮಟ್ಟಿ ಅನ್ನುತ್ತಾರೆ. ಎಣ್ಣೆ, ಮಜ್ಜಿಗೆ, ಬೇವಿನ ಸೊಪ್ಪು ಹಾಕಿ ಹದಮಾಡಿದ ಆ ಮಣ್ಣನ್ನು ಅವರು ಗುದ್ದಲಿಯಲ್ಲಿ ಕೆದಕುತ್ತಿದ್ದರು. ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದರು. "ಮಕ್ಳಿಗೇ ಒಂದು ವರ್ಷ ಬೇಕು. ನಿನಗೆ..." ಅಂದರು. "ನನಗೆ ಇರೋದು ಒಂದೇ ತಿಂಗ್ಳು ಉಸ್ತಾದಮ್ಮ" ಅಂದೆ. "ಎರಡು ವರ್ಷ ಬೇಕು ಅನ್ನೋಕೆ ಹೊರಟಿದ್ದೆ" ಅಂದು, ಹೊರಗೆ ಹೋಗಿ ಎಲೆಯಡಿಕೆ ಉಗಿದು ಬಂದರು.

ಮಟ್ಟಿಗೆ ಇಳಿದರೆ ಸುತ್ತ ನನ್ನ ಸೊಂಟದೆತ್ತರದ ಮಕ್ಕಳು. ಅವು ನಿಂತಲ್ಲಿಂದ ಬೀಳುವುದು, ಏಳುವುದು, ಮತ್ತೆ ಬೀಳುವುದು. "ಹೂಂ, ಬೀಳು" ಅಂದರು ಉಸ್ತಾದಮ್ಮ. "ಹೇಗೆ?" ಅಂದೆ. "ಹೇಗೆ ಅಂದ್ರೆ? ನಿಲ್ಲೋದನ್ನ ಬಿಡು." ನನಗೆ ಬಿಡಲಾಗಲಿಲ್ಲ. ಬೆವರಿಳಿಯಿತು, ಅಳುವೂ ಬಂತು, ಆದರೆ ಬೀಳಲಿಲ್ಲ. ಒಂದು ಹೆಣ್ಣುಮಗು ಬಂದು "ಆಂಟಿಗೆ ಬೀಳಕ್ಕೇ ಬರಲ್ಲ!" ಅಂತ ಕೂಗಿದ್ದೇ ತಡ, ಎಲ್ಲವೂ ಹೊಟ್ಟೆ ಹಿಡಿದುಕೊಂಡು ನಕ್ಕವು. ಉಸ್ತಾದಮ್ಮ ಬಂದು ನನ್ನ ಸೊಂಟಕ್ಕೆ ಕೈಹಾಕಿ, ಕಾಲಿಗೆ ಕಾಲು ಕೊಟ್ಟು ಎತ್ತಿ ಒಗೆದರು. ನಾನು ಬಲಗೈ ಊರಿದೆ. ಮಣಿಕಟ್ಟಿನಲ್ಲಿ ಬೆಂಕಿ ಹೊತ್ತಿಕೊಂಡ ಹಾಗಾಯಿತು. "ನೋಡು, ಊರಿದ ಕೈ ಮುರಿಯುತ್ತೆ. ಮುರಿದ ಕೈಯಿಂದ ಮಗು ಜಾರುತ್ತೆ. ಕೈ ಇರೋದು ಮಗುವಿಗೆ, ನಿನಗಲ್ಲ" ಅಂದರು. ಮತ್ತೆ ಎತ್ತಿ ಒಗೆದರು. ಮತ್ತೆ ಊರಿದೆ.

ಎಷ್ಟೋ ದಿನ ಇದೇ ಆಯಿತು. ಬೀಳುವುದಿಲ್ಲ ಅಂತ ಈ ಮೈ ಅಷ್ಟು ವರ್ಷದಿಂದ ಹಟ ಹಿಡಿದಿತ್ತು, ಅದಕ್ಕೆ ಈಗ ಬೇರೆ ಬುದ್ಧಿ ಹೇಳಬೇಕಿತ್ತು. ರಾತ್ರಿ ಕನಸಿನಲ್ಲೂ ಕೈ ಮುಂದೆ ಹೋಗುತ್ತಿತ್ತು, ಪಕ್ಕದಲ್ಲಿ ಮಲಗಿದವರ ಮೂಗಿಗೆ ಬಡಿಯುತ್ತಿತ್ತು. ಬೆನ್ನು, ಸೊಂಟ, ಭುಜ ಎಲ್ಲ ನೀಲಿಗಟ್ಟಿದ್ದವು. ಸಂಜೆ ದಾಕ್ಷಿಯೇ ನನ್ನನ್ನು ಬೋರಲು ಮಲಗಿಸಿ ಹರಳೆಣ್ಣೆ ತಿಕ್ಕುತ್ತಿದ್ದಳು. ಒಂದು ಸಂಜೆ ಅವಳ ಟ್ರಂಕು ತೆರೆದಿತ್ತು, ಮೇಲೇ ಲೀಲಿಯ ಉಣ್ಣೆ ಟೋಪಿ ಮಡಚಿಟ್ಟಿದ್ದು ಕಂಡಿತು. ಅವಳು ಎಣ್ಣೆ ತಿಕ್ಕುತ್ತಲೇ, "ಅತ್ತಿಗೆ, ನಿಜ ಹೇಳ್ಲಾ? ನೀವು ಕಲಿಯಲ್ಲ ಅಂದ್ಕೊಂಡಿದ್ದೆ" ಅಂದಳು. "ಕಲಿಯದೇ ಇರ್ಲಿ ಅಂದ್ಕೊಂಡಿದ್ದೆಯಾ?" ಅಂದೆ. ಅವಳ ಕೈ ನಿಂತಿತು. "ಎರಡೂ" ಅಂದಳು. ಆಮೇಲೆ ಉಳಿದ ಎಣ್ಣೆಯನ್ನೆಲ್ಲ ನನ್ನ ಭುಜಕ್ಕೆ ಹಾಕಿ ಗಟ್ಟಿಯಾಗಿ ತಿಕ್ಕಿದಳು.

ಒಂದು ಬೆಳಿಗ್ಗೆ ಉಸ್ತಾದಮ್ಮ "ಇವತ್ತು ನೀನು ನನ್ನ ಬೀಳಿಸು" ಅಂದರು. ಸೊಂಟಕ್ಕೆ ಎಲ್ಲಿ ಕೈಹಾಕಬೇಕು, ಯಾವ ಕಾಲು ಎಲ್ಲಿಗೆ ಅಂತ ತೋರಿಸಿದರು. ಹೆದರಿಕೊಂಡೇ ಎತ್ತಿ ಒಗೆದೆ. ಆ ಭಾರದ ಹೆಂಗಸು ನನ್ನ ಕೈಯಲ್ಲಿ ಒಮ್ಮೆಲೇ ಹಗುರಾಗಿ, ಮಡಚಿಕೊಂಡು, ನೆಲಕ್ಕೆ ಬೆನ್ನು ಕೊಟ್ಟು ಸುತ್ತಿ ಎದ್ದುಬಿಟ್ಟರು. ಎಲೆಯಡಿಕೆ ಬಾಯಲ್ಲೇ ಇತ್ತು. ಅವರು ನೆಲವನ್ನು ಎಲ್ಲೂ ತಡೆಯಲಿಲ್ಲ, ಅದಕ್ಕೇ ನೆಲವೂ ಅವರಿಗೆ ಹೊಡೆಯಲಿಲ್ಲ. ಅದು ನನ್ನ ಕೈಗೆ ಗೊತ್ತಾಯಿತು. ಮಧ್ಯಾಹ್ನದೊಳಗೆ ನಾನೂ ಕೈ ಊರದೆ ಬಿದ್ದೆ. ಮಕ್ಕಳೆಲ್ಲ "ಹೋ!" ಅಂತ ಕೂಗಿದವು. ನನಗಾದ ಸಂತೋಷ ಹೇಳತೀರದು, ಎದ್ದು ಆ ಹೆಣ್ಣುಮಗುವಿನ ಕೆನ್ನೆ ಹಿಂಡಿಬಿಟ್ಟೆ.

ಆಮೇಲೆ ಪರಂಗಿಹಣ್ಣು. ಮಗುವಿನ ತೂಕದ್ದು, ಚೆನ್ನಾಗಿ ಕಳಿತದ್ದು, ಎರಡು ಕೈಯಲ್ಲೂ ಎದೆಗವಚಿಕೊಂಡು ನಿಲ್ಲಬೇಕು. ಉಸ್ತಾದಮ್ಮ ಹಿಂದಿನಿಂದಲೋ ಪಕ್ಕದಿಂದಲೋ ಬಂದು ಒಗೆಯುತ್ತಾರೆ. ದಿನದ ಕೊನೆಗೆ ಹಣ್ಣನ್ನು ಹೆಚ್ಚಿ ನೋಡುತ್ತಾರೆ. ಎಲ್ಲಿ ಜಜ್ಜಿದೆಯೋ ಅಲ್ಲಿ ತೋರಿಸಿ, "ಇಲ್ಲಿ ತಲೆ, ಇಲ್ಲಿ ಪಕ್ಕೆ" ಅನ್ನುತ್ತಾರೆ. ಆಮೇಲೆ ಆ ಹಣ್ಣನ್ನೇ ಎಲ್ಲರಿಗೂ ಹಂಚಿ ತಿನ್ನಬೇಕು, ಬೇಡ ಅನ್ನುವ ಹಾಗಿಲ್ಲ. ಆಷಾಢ ಮುಗಿಯುತ್ತ ಬಂದಾಗ ಒಂದು ದಿನ ಹಣ್ಣಿನಲ್ಲಿ ಎಲ್ಲೂ ಗಾಯವಿರಲಿಲ್ಲ. ಉಸ್ತಾದಮ್ಮ ಹೋಳು ತಿರುಗಿಸಿ ತಿರುಗಿಸಿ ನೋಡಿದರು. "ಹಣ್ಣಿನ ಜೊತೆ ಎಲ್ರೂ ಬೀಳ್ತಾರೆ" ಅಂದರು. "ಅಮಾವಾಸ್ಯೆ ದಿನ ಪೂಜೆ ಮುಗಿಸಿ ಮಗೂನ ತಗೊಂಬಾ. ಮಟ್ಟೀಲಿ ಎತ್ಕೊಂಡ್ ನಿಂತ್ಕೊ."

"ನೀವು ಒಗೀತೀರಾ?" ಅಂದೆ.

"ನಾನ್ಯಾಕೆ ಒಗೀಲಿ? ಊರು ಒಗೆಯುತ್ತೆ. ಅದು ಮಗ್ಗುಲಾಗೋವರೆಗೆ ನಿಂತಿರ್ಬೇಕು. ಆಗದಿದ್ರೆ ವಾಪಸ್ ಹೋಗು, ಇನ್ನೊಂದು ದಿನ ಬಾ."

"ಹಿಡಿಯೋಕೆ ಯಾರಾದ್ರೂ..."

"ಯಾರು ಹಿಡೀತಾರೆ? ನೀನು ಬೀಳೋ ಹೊತ್ತಿಗೆ ನಾವೂ ಬೀಳ್ತಿರ್ತೀವಲ್ಲ."

ಊರಿನ ಎಲ್ಲ ತಾಯಂದಿರೂ ಹಾಗೆ ನಿಂತವರೇ. ಅತ್ತೆ ನಿಂತಿದ್ದರು, ಅವರ ಅತ್ತೆ ನಿಂತಿದ್ದರು. ಅವರಿಗೆ ಅದು ಮಗುವಿಗೆ ಕಿವಿ ಚುಚ್ಚಿಸಿದಷ್ಟೇ ಸಹಜ. ನನಗೆ ಮಾತ್ರ ಅವತ್ತಿನಿಂದ ನಿದ್ದೆ ಹೋಯಿತು. ಅದರ ಮೇಲೆ ಊರು ಬೇರೆ ಮಗ್ಗುಲಾಗುವುದನ್ನೇ ನಿಲ್ಲಿಸಿಬಿಟ್ಟಿತು. ಒಂದು ದಿನ ಇಲ್ಲ, ಮರುದಿನ ಇಲ್ಲ, ವಾರವಾದರೂ ಇಲ್ಲ. ಜನ ಬೀದಿಯಲ್ಲಿ ತಡೆತಡೆದು ನಡೆಯತೊಡಗಿದರು. "ಕೂಡಿಟ್ಕೊಂತಿದೆ, ದೊಡ್ಡದೇ ಬರುತ್ತೆ" ಅಂತ ನೀರು ಹಿಡಿಯುವಲ್ಲಿ ಹೆಂಗಸರು ಮಾತಾಡಿಕೊಳ್ಳುವುದು ಕೇಳಿ ನನ್ನ ಕೈಯಿಂದ ಬಿಂದಿಗೆ ಜಾರಿತು.

ಅಮಾವಾಸ್ಯೆಯ ದಿನ ದಾಕ್ಷಿಯ ಗಂಡ ಬಂದರು, ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೂ ಎರಡು ಕೈಯಲ್ಲಿ ಹಗ್ಗ ಹಿಡಿದುಕೊಂಡು. ಪೂಜೆಯಾಯಿತು. ಇವರು ಹಾಲು ಹಾಕಿ ಬರಲು ಹೋಗಲೇಬೇಕಿತ್ತು. ಹೊರಡುವಾಗ ನನ್ನ ಮುಖ ನೋಡಿ, "ಗಲ್ಲ ಒಳಗಿರ್ಲಿ" ಅಂದರು, ಅಷ್ಟೇ ಅವರ ಬಾಯಿಗೆ ಬಂದದ್ದು. ಗರಡಿಗೆ ದಾಕ್ಷಿಯೇ ಲೀಲಿಯನ್ನು ಎತ್ತಿಕೊಂಡು ಬಂದಳು. ಉಸ್ತಾದಮ್ಮ ಮಟ್ಟಿಯನ್ನು ಹೊಸದಾಗಿ ಕೆದಕಿ ಮೆತ್ತಗೆ ಮಾಡಿದ್ದರು. ನಾನು ನಡುವೆ ನಿಂತೆ. ದಾಕ್ಷಿ ಮಗುವನ್ನು ನನ್ನ ತೋಳಿಗೆ ಕೊಟ್ಟು ಹಿಂದೆ ಸರಿದಳು.

ನಿಂತು ಎತ್ತಿಕೊಂಡಾಗ ಮಗು ಇಷ್ಟು ಭಾರವಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಲೀಲಿ ಮೊದಲು ನನ್ನ ಮುಖ ನೋಡಿದಳು, ಆಮೇಲೆ ಬಗ್ಗಿ ನೆಲ ನೋಡಿದಳು, ಆಮೇಲೆ ದಾಕ್ಷಿಯ ಕಡೆ ಕೈಚಾಚಿ ಅರಚತೊಡಗಿದಳು. ಮೈಯನ್ನೆಲ್ಲ ಬಿಲ್ಲು ಮಾಡಿ ಹಿಂದಕ್ಕೆ ಎಳೆಯುತ್ತಿದ್ದಳು. ಇದೇ ಗಳಿಗೆಯಲ್ಲಿ ಊರು ಮಗ್ಗುಲಾದರೆ ಏನು ಗತಿ ಅಂತ ಅವಳನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡೆ. "ದಾಕ್ಷಿ, ಆ ಕಡೆ ಹೋಗು, ಕಣ್ಣಿಗೆ ಕಾಣ್ಬೇಡ" ಅಂತ ಉಸ್ತಾದಮ್ಮ ಕೂಗಿದರು. ಅವಳು ಗೋಡೆಯ ಆಚೆ ಹೋದಳು. ನಾನು ಮಟ್ಟಿಯಲ್ಲೇ ಸುತ್ತತೊಡಗಿದೆ. ಬಾಯಿಗೆ ಬಂದ ಹಾಡು ಹಾಡಿದೆ, ಹಾಡು ಮುಗಿದ ಮೇಲೆ ಮನೆ ಸಾಮಾನುಗಳ ಹೆಸರನ್ನೇ ರಾಗವಾಗಿ ಹೇಳಿದೆ. ಅತ್ತು ಅತ್ತು ಕೊನೆಗೆ ಅವಳ ತಲೆ ನನ್ನ ಹೆಗಲಿಗೆ ಒರಗಿತು. ಉಸಿರು ಕುತ್ತಿಗೆಗೆ ಬಿಸಿಯಾಗಿ ತಗಲಿತು. ನಿದ್ದೆ ಹೋಗಿದ್ದಳು. ನನಗೆ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ಕೈ ಇರಲಿಲ್ಲ.

ಮಧ್ಯಾಹ್ನವಾಯಿತು. ಊರು ಮಿಸುಕಲಿಲ್ಲ. ಅತ್ತೆ ಕಡುಬು ತಂದು ಮಟ್ಟಿಯ ಅಂಚಿನಲ್ಲಿ ನಿಂತು ನನ್ನ ಬಾಯಿಗಿಟ್ಟರು. ಲೀಲಿ ಎದ್ದಳು, ನನ್ನ ಸೀರೆ ನೆನೆಸಿದಳು, ನನ್ನ ತಾಳಿ ಕಚ್ಚಿದಳು, ಹಾಲು ಕುಡಿದಳು, ಮತ್ತೆ ಮಲಗಿದಳು. ತೋಳು ಮರಗಟ್ಟಿ ಯಾವುದು ನನ್ನದು ಯಾವುದು ಅವಳದು ಅಂತ ತಿಳಿಯದಾಗಿತ್ತು. ಮೊದಮೊದಲು ಪ್ರತಿ ಗಳಿಗೆಗೂ ಈಗ ಬಂತು, ಈಗ ಬಂತು ಅಂತ ಬಿಗಿಯುತ್ತಿದ್ದೆ. ಆಮೇಲೆ ಬಿಗಿಯಲೂ ಶಕ್ತಿ ಉಳಿಯಲಿಲ್ಲ. ಉಸ್ತಾದಮ್ಮ ಗೋಡೆಗೊರಗಿ ತೂಕಡಿಸುತ್ತಿದ್ದರು. ಬಿಸಿಲು ಇಳಿಯಿತು. ಅತ್ತೆ ಎದ್ದು ಬಂದರು. ಅವರ ದನಿಯಲ್ಲಿ ಕನಿಕರವೇ ಇತ್ತು. "ಸಾಕು ಬಾ ಮಂಗಳಾ. ಇವತ್ತು ಆಗಲ್ಲ. ನೀನು ಕಲ್ತಿದೀಯ, ನಾವೆಲ್ಲ ನೋಡಿದ್ವಿ. ಕೂಸು ಹೋಗಿ ಬರ್ಲಿ. ಒಂದು ವರ್ಷ ಅಂದ್ರೆ ಎಷ್ಟರ ಮಾತು, ಕಣ್ಣು ಮುಚ್ಚಿ ತೆರೆಯೋದ್ರಲ್ಲಿ ಬಂದ್ಬಿಡುತ್ತೆ."

ನನಗೆ ಎಲ್ಲಿತ್ತೋ ಸಿಟ್ಟು. ಅತ್ತೆಯ ಎದುರು ದನಿ ಎತ್ತಿದವಳೇ ಅಲ್ಲ. "ನಿಮಗೆ ಎಷ್ಟರ ಮಾತೋ ಏನೋ! ನಿಮ್ಮ ಮಕ್ಳನ್ನ ನೀವು ಎತ್ಕೊಂಡ್ ಊರೆಲ್ಲ ತಿರುಗಿದೀರಿ. ನನ್ನ ಮಗಳು ನನ್ನ ಹೆಗಲ ಮೇಲೆ ನಿದ್ದೆ ಮಾಡಿದ್ದು ಇವತ್ತೇ ಮೊದಲು. ವರ್ಷ ಬಿಟ್ಟು ಬಂದ್ರೆ ಅವಳಿಗೆ ನಾನ್ಯಾರು ಅಂತ ಗೊತ್ತಿರುತ್ತಾ? ಬೇಕಾದ್ರೆ ನಾನು ಇಲ್ಲೇ..."

ನೆಲ ಹೋಯಿತು. ಜನ ಹೇಳಿದ್ದು ಸುಳ್ಳಾಗಿರಲಿಲ್ಲ, ದೊಡ್ಡದೇ. ಅತ್ತೆ ಎಡಕ್ಕೆ ಹೋದದ್ದು, ಉಸ್ತಾದಮ್ಮ ನಿದ್ದೆಯಲ್ಲೇ ಉರುಳಿದ್ದು, ಗರಡಿಯ ಸೂರು ಓರೆಯಾಗಿ ನಿಂತದ್ದು ಕಂಡಿತು. ಗಲ್ಲ ಒಳಗೆ ಅಂತ ಅಂದುಕೊಳ್ಳಲಿಲ್ಲ, ಕೈ ಊರಬೇಡ ಅಂತ ಅಂದುಕೊಳ್ಳಲಿಲ್ಲ. ಸಿಟ್ಟಿನಲ್ಲಿ ನನಗೆ ಏನೂ ನೆನಪಿರಲಿಲ್ಲ. ಬೆನ್ನು ಮಣ್ಣಿಗೆ ತಾಗಿತು, ಭುಜದ ಮೇಲೆ ಹೊರಳಿದೆ, ಇನ್ನೊಮ್ಮೆ ಹೊರಳಿದೆ, ನಿಂತಿತು. ಬಾಯಿ ತುಂಬ ಕೆಮ್ಮಣ್ಣು. ಎದೆಯ ಮೇಲೆ ಲೀಲಿ ತಲೆಯೆತ್ತಿ ಸುತ್ತ ನೋಡಿದಳು. ನಿದ್ದೆ ಕೆಟ್ಟದ್ದಕ್ಕೆ ತುಟಿ ಸೊಟ್ಟ ಮಾಡಿದಳು, ಆಮೇಲೆ ಅಳಲು ಶುರುಮಾಡಿದಳು.

ಉಸ್ತಾದಮ್ಮ ತೆವಳಿಕೊಂಡೇ ಬಂದು ಮಗುವಿನ ತಲೆ, ಬೆನ್ನು, ಕೈಕಾಲು ಎಲ್ಲ ಮುಟ್ಟಿ ನೋಡಿದರು. "ನಿನ್ನ ಮೊಣಕೈ ತರಚಿದೆ. ಮಗು ಸರಿಯಾಗಿದೆ" ಅಂದರು. ಅತ್ತೆ ಕೂತಲ್ಲಿಂದಲೇ ದೇವರಿಗೆ ಕೈಮುಗಿದರು. ನಾನು ತೋಳು ಸಡಿಲಿಸಲಾಗದೆ ಹಾಗೇ ಅಂಗಾತ ಬಿದ್ದಿದ್ದೆ. ದಾಕ್ಷಿ ಗೋಡೆಯ ಆಚೆಯಿಂದ ಓಡಿಬಂದಳು, ಮಂಡಿಗೆಲ್ಲ ಮಣ್ಣು. ಲೀಲಿ ಅವಳನ್ನು ಕಂಡದ್ದೇ ಕೈಚಾಚಿದಳು. ದಾಕ್ಷಿಯೂ ಎರಡೂ ಕೈ ಮುಂದೆ ಮಾಡಿದಳು, ಮಗುವಿನ ಕಂಕುಳಿಗೆ ಬೆರಳು ತಾಗುವಷ್ಟು ಹತ್ತಿರ. ಅಲ್ಲೇ ನಿಲ್ಲಿಸಿದಳು. ಕೈ ಹಿಂದಕ್ಕೆ ತೆಗೆದುಕೊಂಡು ಸೆರಗಿಗೆ ಒರೆಸಿಕೊಂಡಳು.

"ಅತ್ತಿಗೆ, ಸ್ವಲ್ಪ ಎತ್ಕೊಳ್ಳಲಾ?" ಅಂದಳು.

ಒಂಬತ್ತು ತಿಂಗಳಲ್ಲಿ ಅವಳು ನನ್ನನ್ನು ಕೇಳಿದ್ದು ಅದೇ ಮೊದಲು. ಅವಳ ಮುಖ ನೋಡಿ ಸಂಕಟವಾಯಿತು. ಆದರೂ ನನ್ನ ತೋಳು ಕೊಡಲೊಲ್ಲದು. "ಈಗ ಬೇಡ ದಾಕ್ಷಿ" ಅಂದೆ. ಅವಳು ಹೂಂಗುಟ್ಟಿ ತಲೆ ತಗ್ಗಿಸಿದಳು.

ನಾನು ಎದ್ದೆ. ಮಗುವನ್ನು ಎತ್ತಿಕೊಂಡು ಬೀದಿಗೆ ಬಂದೆ. ಜನ ಆಗಷ್ಟೇ ಎದ್ದು ಬಟ್ಟೆ ಕೊಡವಿಕೊಳ್ಳುತ್ತಿದ್ದರು, ಯಾರದೋ ಬುಟ್ಟಿಯ ಈರುಳ್ಳಿ ದಾರಿಯುದ್ದ ಉರುಳಿತ್ತು. ಹಗ್ಗ ಹಿಡಿಯೋಣವೆಂದರೆ ಕೈ ಬಿಡುವಿಲ್ಲ. ಇನ್ನೊಮ್ಮೆ ಮಗ್ಗುಲಾದರೆ ಇಲ್ಲಿ ಕೆದಕಿದ ಮಣ್ಣಿಲ್ಲ, ಉಸ್ತಾದಮ್ಮ ಇಲ್ಲ. ನಾಳೆಯಿಂದ ದಾಕ್ಷಿಯೂ ಇಲ್ಲ, ಇನ್ನು ಎತ್ತಿಕೊಳ್ಳುವವಳು ನಾನೇ. ಮಟ್ಟಿಯಲ್ಲಿದ್ದಾಗಿನದಕ್ಕಿಂತ ಹೆಚ್ಚು ಭಯವಾಯಿತು. ಲೀಲಿ ನನ್ನ ಹೆಗಲಿನಾಚೆ ಕತ್ತು ಚಾಚಿ, ಹಿಂದೆ ದೂರದಲ್ಲಿ ಅತ್ತೆಯ ಕೈ ಹಿಡಿದುಕೊಂಡು ಬರುತ್ತಿದ್ದ ದಾಕ್ಷಿಗಾಗಿ ಒಂದೇ ಸಮನೆ ಅಳುತ್ತಿದ್ದಳು. ನಾನು ನಿಂತೆ.

"ದಾಕ್ಷಿ, ಹತ್ರ ಬಾ. ನನ್ನ ಹಿಂದೇನೇ ನಡಿ. ಅವಳಿಗೆ ನೀನು ಕಾಣ್ತಿರ್ಲಿ."

ಅವಳು ಓಡಿಬಂದು ನನ್ನ ಬೆನ್ನಿಗೇ ನಡೆಯತೊಡಗಿದಳು. ಲೀಲಿಯ ಅಳು ಬಿಕ್ಕಳಿಕೆಯಾಗಿ, ಆಮೇಲೆ ಅದೂ ನಿಂತಿತು. ಒಂದು ಪುಟ್ಟ ಕೈ ನನ್ನ ರವಿಕೆಯನ್ನು ಬಿಗಿಯಾಗಿ ಹಿಡಿದಿತ್ತು. ಹಿಂದೆ ದಾಕ್ಷಿ ಮೂಗು ಏರಿಸಿಕೊಳ್ಳುವುದು ಕೇಳುತ್ತಿತ್ತು, ಜೊತೆಗೇ ಮಗುವಿಗೆ ಏನೋ ಮುಖ ಮಾಡಿ ತೋರಿಸುತ್ತಿರಬೇಕು, ಲೀಲಿ ಒಮ್ಮೆ ಕಿಲಕ್ಕನೆ ನಕ್ಕಳು. ನನಗೆ ಇಬ್ಬರ ಮುಖವೂ ಕಾಣುತ್ತಿರಲಿಲ್ಲ. ನಾನು ದಾರಿ ನೋಡಿಕೊಂಡು ನಡೆದೆ.